‘ಡಿಸೈರ್’ ಎಂಬ ಮಾತಿನ ಹುಟ್ಟೂರು

(ಸಂಘದ ವಾಚನಾಲಯದಲ್ಲಿ ನಡೆದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಹೊತ್ತು ಮಾತನಾಡಲು ನಾನು ಒಂದೇ ಒಂದು ಶಬ್ದವನ್ನು ಆರಿಸಿಕೊಂಡಿದ್ದೇನೆ. ಅದು ಇಂಗ್ಲಿಷಿನ ‘ಡಿಸೈರ್’. ಇಷ್ಟು ಜನ ಕೂಡಿರುವಾಗ ಒಂದು ಶಬ್ದದ ವಿಚಾರ ಹೇಳುವುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ಆದರೆ ಶಬ್ದಗಳೂ ನಮ್ಮ ಹಾಗೆಯೇ ಊರು ಬಿಟ್ಟು ಊರಿಗೆ ಬರುತ್ತವೆ. ಬಂದ ಮೇಲೆ ವೇಷ ಬದಲಿಸುತ್ತವೆ. ಹುಟ್ಟೂರಿನ ಗುರುತನ್ನು ಮಾತ್ರ ಒಳಗೆಲ್ಲೋ ಇಟ್ಟುಕೊಂಡಿರುತ್ತವೆ. ಈ ಶಬ್ದದ ಹುಟ್ಟೂರನ್ನು ವಿಚಾರಿಸಿದರೆ ನಮ್ಮ ಬಾಳಿಗೆ ಸಂಬಂಧಪಟ್ಟ ಒಂದು ಸಂಗತಿ ಅಲ್ಲಿ ದೊರೆಯುತ್ತದೆಂದು ನನ್ನ ನಂಬಿಕೆ.

ರಾತ್ರಿ ಹೊತ್ತು ಇಂಗ್ಲಿಷ್ ಕಲಿಯುವ ನಮ್ಮ ತರುಣರ ಕೈಪಿಡಿಗಳಲ್ಲಿ ಈ ಶಬ್ದಕ್ಕೆ ‘ಆಸೆ, ಇಚ್ಛೆ, ಅಭಿಲಾಷೆ’ ಎಂದು ಅರ್ಥ ಕೊಟ್ಟಿರುತ್ತದೆ. ಅರ್ಥವೇನೋ ಸರಿಯೆ. ಆದರೆ ‘ಆಸೆ’ ಎಂದೊಡನೆ ನಮ್ಮ ಮನಸ್ಸು ಸ್ವಲ್ಪ ಕುಗ್ಗುತ್ತದೆ. ಆಸೆ ಕೆಟ್ಟದ್ದು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಹತ್ತು ಹದಿನೈದು ವರ್ಷ ಹೋಟೆಲಿನ ಅಟ್ಟದ ಮೇಲೆ ಮಲಗಿದವನು ‘ಒಮ್ಮೆ ಮನೆಗೆ ಹೋಗಿ ಬರಬೇಕು’ ಎಂದರೆ, ಅವನಿಗೂ ‘ನಿನ್ನ ಆಸೆಗೆ ಮಿತಿಯಿಲ್ಲವೆ?’ ಎಂಬ ಮಾತು ಬರುವುದುಂಟು. ಮನೆಯವರ ಮುಖ ನೋಡಬೇಕೆಂಬುದೂ ಆಸೆ, ಪಕ್ಕದವನ ಗಂಟಿನ ಮೇಲೆ ಕಣ್ಣಿಡುವುದೂ ಆಸೆ! ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದು ನ್ಯಾಯವೆ? ಈ ಪ್ರಶ್ನೆಗೆ ‘ಡಿಸೈರ್’ ಎಂಬ ಶಬ್ದದ ಪೂರ್ವಚರಿತ್ರೆ ಒಂದು ಉತ್ತರವನ್ನು ಕೊಡುತ್ತದೆ.

ಮೊದಲು ಅದು ನಡೆದು ಬಂದ ದಾರಿಯನ್ನು ನೋಡೋಣ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಒಡೆಯನಾದ ವಿಲಿಯಂ ಎಂಬವನು ಇಂಗ್ಲೆಂಡನ್ನು ಗೆದ್ದನು. ಆಮೇಲೆ ಬಹು ಕಾಲ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚೇ ದೊಡ್ಡವರ ಮಾತಾಯಿತು. ಸಾವಿರಾರು ಫ್ರೆಂಚ್ ಶಬ್ದಗಳು ಇಂಗ್ಲಿಷಿನೊಳಕ್ಕೆ ಹೊಕ್ಕವು. 13ನೆಯ ಶತಮಾನದಲ್ಲಿ ಹಾಗೆ ಬಂದು ನೆಲಸಿದ ಶಬ್ದಗಳಲ್ಲಿ ಇದೂ ಒಂದು. ಹಳೆಯ ಫ್ರೆಂಚಿನಲ್ಲಿ ಇದರ ರೂಪ ‘ದೆಸಿರೆರ್’. ಅದಾದರೋ ರೋಮನರ ಲ್ಯಾಟಿನ್ ಭಾಷೆಯ ‘ದೇಸೀದೆರಾರೆ’ ಎಂಬ ಕ್ರಿಯಾಪದದ ಸವೆದ ರೂಪ. ಹೊಳೆಯಲ್ಲಿ ಉರುಳಿ ಬಂದ ಕಲ್ಲಿನಂತೆ, ಬಾಯಿಂದ ಬಾಯಿಗೆ ಬರುವಾಗ ಶಬ್ದದ ಮೂಲೆಗಳು ಸವೆದವು.

ಈಗ ಅರ್ಥಕ್ಕೆ ಬರೋಣ. ರೋಮನರು ‘ದೇಸೀದೆರಾರೆ’ ಎಂದಾಗ ಮುಖ್ಯವಾಗಿ ಏನನ್ನು ಹೇಳುತ್ತಿದ್ದರು? ಇರಬೇಕಾದದ್ದು ಇಲ್ಲವೆಂದು ಮನಗಾಣುವುದು. ಇಲ್ಲದಿರುವುದರ ನೋವನ್ನು ಪಡುವುದು. ಅದು ಮತ್ತೆ ಬರಲಿ ಎಂದು ಹಂಬಲಿಸುವುದು. ಈ ಮೂರೂ ಆ ಒಂದೇ ಶಬ್ದದೊಳಗಿದ್ದವು. ಬರಿಯ ‘ಬೇಕು’ ಅಲ್ಲ. ‘ಇಲ್ಲವಲ್ಲಾ’ ಎಂಬುದು ಮೊದಲು, ‘ಬೇಕು’ ಎಂಬುದು ಅದರ ಬೆನ್ನಿಗೆ.

ಇದನ್ನು ತಿಳಿಯಲು ಹೋಟೆಲಿನವರಿಗೆ ನಿಘಂಟು ಬೇಡ. ರಾತ್ರಿ ಬಾಗಿಲು ಹಾಕಿದ ಮೇಲೆ ಉಗ್ರಾಣದವನು ಡಬ್ಬಿಗಳನ್ನೆಲ್ಲ ತೆರೆದು ನೋಡಿ, ಉದ್ದಿನಬೇಳೆ ಇಲ್ಲ, ಹುಣಿಸೆಹಣ್ಣು ಮುಗಿದಿದೆ, ಕಾಫಿಪುಡಿ ನಾಳೆಗೆ ಸಾಲದು ಎಂದು ಚೀಟಿ ಬರೆಯುತ್ತಾನೆ. ಆ ಚೀಟಿಯನ್ನು ಯಾರೂ ದುರಾಸೆಯ ಪಟ್ಟಿ ಎನ್ನುವುದಿಲ್ಲ. ಇರಬೇಕಾದದ್ದರಲ್ಲಿ ಇಲ್ಲದ್ದರ ಲೆಕ್ಕ ಅದು. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಹಾಜರಿ ಪುಸ್ತಕ ನೆನಪಿರಬಹುದು. ಹೆಸರು ಕೂಗುತ್ತಾ ಹೋದಾಗ ಒಂದು ಹೆಸರಿಗೆ ಉತ್ತರ ಬರದೆ ಹೋದರೆ, ಆ ಒಂದು ಗಳಿಗೆಯ ಮೌನವಿದೆಯಲ್ಲ, ಅದೇ ‘ದೇಸೀದೆರಾರೆ’.

ಇದು ನಾನು ಕಟ್ಟಿದ ಹೋಲಿಕೆಯಲ್ಲ. ರೋಮನ್ ಸೈನ್ಯದ ಹಾಜರಿಯಲ್ಲಿ ನಿಜವಾಗಿಯೂ ಈ ಶಬ್ದವೇ ಬಳಕೆಯಲ್ಲಿತ್ತು. ಕ್ರಿ.ಪೂ. 52ರಲ್ಲಿ ಜೂಲಿಯಸ್ ಸೀಸರನು ಈಗಿನ ಫ್ರಾನ್ಸ್ ದೇಶದಲ್ಲಿ ಗಾಲ್ ಜನರೊಡನೆ ಯುದ್ಧ ಮಾಡುತ್ತಿದ್ದನು. ಗೆರ್ಗೋವಿಯ ಎಂಬ ಬೆಟ್ಟದ ಕೋಟೆಯ ಮುಂದೆ ಅವನಿಗೆ ಸೋಲಾಯಿತು. ಆ ಯುದ್ಧದ ಚರಿತ್ರೆಯನ್ನು ಸೀಸರನು ತಾನೇ ಬರೆದಿದ್ದಾನೆ. ಆ ದಿನ 700ಕ್ಕೆ ಸ್ವಲ್ಪ ಕಡಿಮೆ ಸೈನಿಕರು ಲೆಕ್ಕಕ್ಕೆ ಸಿಗದೆ ಹೋದರೆಂದು ಅವನು ಹೇಳುವಾಗ ಬಳಸಿದ ಶಬ್ದ ‘ದೇಸೀದೆರಾತಿ’. ಎಂದರೆ, ‘ಇಲ್ಲವೆಂದು ಕಂಡುಬಂದವರು’. ಸತ್ತವರು ಎಂದು ನೇರವಾಗಿ ಹೇಳುವುದಿಲ್ಲ. ಹೆಸರು ಕರೆದರು, ಓಗೊಡಲಿಲ್ಲ, ಅಷ್ಟೆ. ಇಂದು ‘ಡಿಸೈರ್’ ಎಂದು ಸಿನಿಮಾದವರೂ ಸುಗಂಧದ ಸೀಸೆಯವರೂ ಬಣ್ಣ ಬಣ್ಣವಾಗಿ ಅಚ್ಚುಹಾಕಿಸುವ ಶಬ್ದ ಒಂದಾನೊಂದು ಕಾಲದಲ್ಲಿ ಮರಳಿ ಬಾರದವರ ಪಟ್ಟಿಗೆ ಹೆಸರಾಗಿತ್ತು.

ಇದೇ ಶಬ್ದ ಮನೆಯೊಳಗೆ ಹೇಗೆ ಬಳಕೆಯಾಗುತ್ತಿತ್ತೆಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅಪ್ಪಣೆಯಾಗಬೇಕು.

ಸಿಸೆರೊ ಎಂಬವನು ರೋಮಿನ ದೊಡ್ಡ ವಾಗ್ಮಿ. ಕ್ರಿ.ಪೂ. 63ರಲ್ಲಿ ಅವನು ಆ ರಾಜ್ಯದ ಅತ್ಯುನ್ನತ ಅಧಿಕಾರವಾದ ಕಾನ್ಸಲ್ ಪದವಿಯಲ್ಲಿದ್ದನು. ರಾಜ್ಯವನ್ನು ಉರುಳಿಸಲು ಒಳಸಂಚು ಮಾಡಿದವರನ್ನು ಹಿಡಿದು, ವಿಚಾರಣೆಯಿಲ್ಲದೆ ಮರಣದಂಡನೆಗೆ ಗುರಿಪಡಿಸಿದನು. ಐದು ವರ್ಷಗಳ ಮೇಲೆ ಅದೇ ಅವನ ಕೊರಳಿಗೆ ಬಂತು. ಕ್ಲೋಡಿಯಸ್ ಎಂಬ ವೈರಿ ಕಾನೂನು ಮಾಡಿಸಿ ಕ್ರಿ.ಪೂ. 58ರಲ್ಲಿ ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿದನು. ಊರಿನಲ್ಲಿದ್ದ ಅವನ ಮನೆ ನೆಲಸಮವಾಯಿತು. ಹೆಂಡತಿ ತೆರೆನ್ಶಿಯ, ಮಗಳು ತುಲ್ಲಿಯ, ಚಿಕ್ಕ ವಯಸ್ಸಿನ ಮಗ ಇವರೆಲ್ಲ ಅಲ್ಲಿಯೇ ಉಳಿದರು. ಇವನು ಸಮುದ್ರ ದಾಟಿ, ಈಗಿನ ಗ್ರೀಸ್ ದೇಶದ ಥೆಸ್ಸಲೋನಿಕ ಎಂಬ ಊರನ್ನು ಸೇರಿದನು.

ಅಲ್ಲಿಂದ ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅವನು ಮನೆಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಬೇರೆಯವರಿಗೆ ಉದ್ದುದ್ದ ಪತ್ರ ಬರೆಯುತ್ತೇನೆಂದು ನೀನು ತಿಳಿಯಬೇಡ ಎಂದು ಹೆಂಡತಿಗೆ ಹೇಳುತ್ತಾನೆ. ನಿನಗೂ ನಮ್ಮ ಪುಟ್ಟ ತುಲ್ಲಿಯಳಿಗೂ ಬರೆಯಲು ಕುಳಿತರೆ ಕಣ್ಣೀರು ಬಾರದೆ ಇರುವುದಿಲ್ಲ ಎನ್ನುತ್ತಾನೆ. ತನ್ನ ದೆಸೆಯಿಂದ ಹೆಂಡತಿ ಪಡುತ್ತಿರುವ ಪಾಡನ್ನು ಕೇಳಿ ಕುದಿಯುತ್ತಾನೆ. ಕಡೆಯಲ್ಲಿ ಅವರೆಲ್ಲರಿಗೂ ಕ್ಷೇಮ ಕೋರುವಾಗ ಅವರನ್ನು ಒಂದು ಹೆಸರಿನಿಂದ ಕರೆಯುತ್ತಾನೆ: ‘ದೇಸೀದೆರಿಯ’. ನನ್ನ ಹಂಬಲಗಳೆ, ಎಂದು ಅದರ ಅರ್ಥ.

ಸೋದರರೆ, ಈ ಮನುಷ್ಯ ಸಾವಿರಾರು ಜನರ ಮುಂದೆ ಎದ್ದು ನಿಂತು ಮಾತಾಡಿ ಆಳುವವರನ್ನೇ ನಡುಗಿಸಿದವನು. ಕಾಗದ ಬರೆಯಲು ಕೂತಾಗ ಅವನ ಕೈಯೂ ನಮ್ಮವರ ಕೈಯಂತೆಯೇ ನಡುಗಿತು. ಮನಿಆರ್ಡರ್ ಕೂಪನ್ನಿನ ಅಂಗೈಯಗಲದ ಜಾಗದಲ್ಲಿ ‘ನಾನು ಕ್ಷೇಮ’ ಎಂದಷ್ಟೆ ಬರೆದು, ಉಳಿದದ್ದನ್ನು ಎದೆಯಲ್ಲಿಟ್ಟುಕೊಂಡ ನಮ್ಮ ಹಿರಿಯರನ್ನು ತಾವೆಲ್ಲ ಬಲ್ಲಿರಿ. ಈಗ ಕೈಯಲ್ಲಿ ಫೋನಿದೆ, ಅದರಲ್ಲಿ ಮುಖವೂ ಕಾಣುತ್ತದೆ. ಆದರೂ ಮಗುವಿನ ತಲೆ ನೇವರಿಸಲು ಕೈ ಅಷ್ಟು ದೂರ ಚಾಚುವುದಿಲ್ಲ. ಆ ಚಾಚಲಾರದ ಕೈಗೆ ರೋಮನರು ಇಟ್ಟ ಹೆಸರು ಇದು. ಇದನ್ನು ದುರಾಸೆ ಎನ್ನುವವರು ಸಿಸೆರೊವಿನ ಕಾಗದವನ್ನು ಓದಿಲ್ಲ.

ಆದರೆ ಕಥೆಯ ಒಂದೇ ಮಗ್ಗುಲನ್ನು ಹೇಳಿ ನಿಲ್ಲಿಸುವುದು ಸರಿಯಲ್ಲ. ಮುಂದಿನ ವರ್ಷ ಸಿಸೆರೊ ಊರಿಗೆ ಮರಳಿದನು. ಬಹುಕಾಲದ ಮೇಲೆ, ಕ್ರಿ.ಪೂ. 45ರಲ್ಲಿ, ಆ ಮಗಳು ತುಲ್ಲಿಯಳೇ ತೀರಿಹೋದಳು. ಅದೇ ವರ್ಷ ಅವನು ಬರೆದ ‘ಟಸ್ಕುಲನ್ ಸಂವಾದಗಳು’ ಎಂಬ ತತ್ತ್ವಗ್ರಂಥದಲ್ಲಿ ಸ್ಟೋಯಿಕ್ ಪಂಥದವರನ್ನು ಅನುಸರಿಸಿ ಮನೋವಿಕಾರಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಅಲ್ಲಿ ‘ದೇಸೀದೆರಿಯುಮ್’ ಎಂಬುದಕ್ಕೆ, ಇನ್ನೂ ಎದುರಿಗೆ ಇಲ್ಲದವರನ್ನು ಕಾಣಬೇಕೆಂಬ ತವಕ ಎಂಬರ್ಥದ ವಿವರಣೆ ಕೊಟ್ಟು, ಅದನ್ನು ಕಾಮದ ಗುಂಪಿಗೆ ಸೇರಿಸುತ್ತಾನೆ. ಜ್ಞಾನಿಯಾದವನು ಗೆಲ್ಲಬೇಕಾದ ವಿಕಾರಗಳಲ್ಲಿ ಅದೂ ಒಂದೆಂದು ಆ ಪಂಥದ ಮತ. ಹೀಗೆ ಆಸೆಯ ಮೇಲೆ ಸಂಶಯಪಟ್ಟವರು ಅಲ್ಲಿಯೂ ಇದ್ದರು. ಆದರೆ ಮಗಳನ್ನು ಕಳೆದುಕೊಂಡ ತಂದೆಯ ಲೇಖನಿಯಿಂದ ಆ ವಿವರಣೆ ಬಂದಿತೆಂಬುದನ್ನು ನೆನೆದಾಗ, ಅದು ಕೇವಲ ಪಾಂಡಿತ್ಯದ ಮಾತಾಗಿ ನನಗಂತೂ ಕೇಳಿಸುವುದಿಲ್ಲ.

ಇನ್ನು ಈ ಶಬ್ದದ ಬೇರು. ‘ದೇ’ ಎಂದರೆ ‘ಇಂದ’ ಅಥವಾ ‘ಅಗಲಿ’ ಎಂಬಂಥ ಅರ್ಥ ಕೊಡುವ ಉಪಸರ್ಗ. ‘ಸೀದುಸ್’ ಎಂದರೆ ನಕ್ಷತ್ರ, ಅದರಲ್ಲಿಯೂ ನಕ್ಷತ್ರಗಳ ಪುಂಜ. ಇವೆರಡೂ ಕೂಡಿ ಈ ಕ್ರಿಯಾಪದವಾಯಿತೆಂದು ಹಳೆಯ ಕಾಲದಿಂದ ಹೇಳುತ್ತ ಬಂದಿದ್ದಾರೆ. ಕ್ರಿಸ್ತಶಕ 2ನೆಯ ಶತಮಾನದ ಫೆಸ್ಟುಸ್ ಎಂಬ ನಿಘಂಟುಕಾರನ ಗ್ರಂಥವನ್ನು 8ನೆಯ ಶತಮಾನದಲ್ಲಿ ಪೌಲುಸ್ ಎಂಬ ಪಾದ್ರಿ ಸಂಗ್ರಹಿಸಿದನು. ಅದರಲ್ಲಿ ಈ ಶಬ್ದ ನಕ್ಷತ್ರಗಳಿಂದಲೇ ಬಂದದ್ದೆಂದು ನಿಸ್ಸಂದೇಹವಾಗಿ ಬರೆದಿದೆ. ಇದರ ಒಡಹುಟ್ಟು ‘ಕೋನ್ಸೀದೆರಾರೆ’. ನಾವು ಅರ್ಜಿಗಳಲ್ಲಿ ದಿನವೂ ಕಾಣುವ ‘ಕನ್ಸಿಡರ್’ ಅದರ ಮಗು. ನಕ್ಷತ್ರಗಳನ್ನು ಒಟ್ಟಿಗೆ ಇಟ್ಟು ಚೆನ್ನಾಗಿ ನೋಡುವುದು, ಅದರಿಂದ ಪರಿಶೀಲಿಸುವುದು ಎಂದು ಅದರ ಅರ್ಥ ಬೆಳೆಯಿತು. ಅದು ನಕ್ಷತ್ರವನ್ನು ಕಾಣುವುದಾದರೆ, ಇದು ನಕ್ಷತ್ರ ಕಾಣದೆ ಹೋಗುವುದು.

ನಕ್ಷತ್ರ ಕಾಣದೆ ಹೋದರೆ ಏನಾಗುತ್ತಿತ್ತು? ದಿಕ್ಸೂಚಿಯಿಲ್ಲದ ಕಾಲ ಅದು. ನಡುರಾತ್ರಿ ನಡುಗಡಲಿನಲ್ಲಿ ನಾವಿಕನಿಗೆ ದಾರಿ ತೋರಿಸುವುದು ಆಕಾಶವೊಂದೆ. ವೆಗೇಶಿಯಸ್ ಎಂಬ ರೋಮನ್ ಗ್ರಂಥಕಾರ ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ಮುಚ್ಚಿರುತ್ತದೆಂದು ಬರೆದು, ಹಗಲು ಕಿರಿದು, ಇರುಳು ಹಿರಿದು, ಮೋಡದ ದಟ್ಟಣೆ, ಮಬ್ಬು, ಬಿರುಗಾಳಿ ಎಂದು ಅದರ ಕಾರಣಗಳನ್ನು ಎಣಿಸುತ್ತಾನೆ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು ಕಟ್ಟುವ ಕರಾವಳಿಯಿಂದ ಬಂದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಮೋಡ ಕವಿದ ಆಕಾಶದ ಕೆಳಗೆ ಕಡಲು ಹೇಗಿರುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಕ್ಷತ್ರದಿಂದ ಈ ಶಬ್ದ ಬಂದಿತೆಂಬುದನ್ನು ಬಹಳ ಪಂಡಿತರು ಒಪ್ಪುತ್ತಾರೆ. ಸಂದೇಹ ಪಡುವವರೂ ಇದ್ದಾರೆ. ‘ನಕ್ಷತ್ರ ಕಾಣದೆ ಹೋಯಿತು’ ಎಂಬುದರಿಂದ ‘ಹಂಬಲಿಸಿದನು’ ಎಂಬುದಕ್ಕೆ ಅರ್ಥ ದಾಟಿದ ನಡುವಣ ಮೆಟ್ಟಿಲು ಯಾವ ಬರಹದಲ್ಲಿಯೂ ಸಿಕ್ಕಿಲ್ಲ. ನಾವಿಕರ ಮಾತಿನಿಂದ ಬಂದಿರಬಹುದು, ಶಕುನ ನೋಡುವವರ ಮಾತಿನಿಂದ ಬಂದಿರಬಹುದು ಎಂದು ಊಹೆ. ಈ ಖಾಲಿ ಜಾಗವನ್ನು ತುಂಬಲು ಈಚೆಗೆ ಒಂದು ಸೊಗಸಾದ ಕಥೆ ಹರಡಿದೆ. ಯುದ್ಧ ಮುಗಿದ ರಾತ್ರಿ, ಮರಳದ ಗೆಳೆಯರಿಗಾಗಿ ನಕ್ಷತ್ರಗಳ ಕೆಳಗೆ ಕಾದು ಕುಳಿತ ಸೈನಿಕರನ್ನು ಈ ಹೆಸರಿನಿಂದ ಕರೆಯುತ್ತಿದ್ದರು, ಹಾಗೆಂದು ಸೀಸರನೇ ಬರೆದಿದ್ದಾನೆ ಎಂದು ಆ ಕಥೆ. ಸೀಸರನ ಪುಸ್ತಕದಲ್ಲಿ ಅಂಥ ದೃಶ್ಯವಿಲ್ಲ. ಅವನಲ್ಲಿರುವುದು ಕಾಯುವವರ ಕಥೆಯಲ್ಲ, ಕಾಣದಾದವರ ಲೆಕ್ಕ. ಕಥೆ ಚೆಂದವಾಗಿದೆಯೆಂದು ನಿಜವಾಗುವುದಿಲ್ಲ. ಆ ಒಣ ಲೆಕ್ಕವೇ ನನಗೆ ಹೆಚ್ಚು ತಟ್ಟುತ್ತದೆ.

ಹಾಗಾದರೆ ಅತ್ಯಾಸೆಗೆ ಲ್ಯಾಟಿನಿನಲ್ಲಿ ಹೆಸರಿರಲಿಲ್ಲವೆ? ಇತ್ತು, ಬೇರೆಯಾಗಿಯೇ ಇತ್ತು. ‘ಕುಪೆರೆ’ ಎಂದರೆ ತೀವ್ರವಾಗಿ ಬಯಸುವುದು. ಪ್ರೇಮದೇವತೆ ಕ್ಯುಪಿಡ್ಡನ ಹೆಸರೂ, ಪರರ ವಸ್ತುವಿಗೆ ಬಾಯಿಬಿಡುವುದೆಂಬ ಅರ್ಥದ ಇಂಗ್ಲಿಷ್ ‘ಕವೆಟ್’ ಶಬ್ದವೂ ಅದರಿಂದ ಬಂದವು. ‘ಅವೇರೆ’ ಎಂಬುದರ ಬಳಗ ‘ಅವರಿಸ್’, ಎಂದರೆ ಹಣದ ಲೋಭ. ‘ಆಂಬಿಷನ್’ ಎಂಬುದರ ಮೂಲಾರ್ಥ ಸುತ್ತಾಡುವುದು. ರೋಮಿನಲ್ಲಿ ಚುನಾವಣೆಗೆ ನಿಂತವರು ಮತಕ್ಕಾಗಿ ಬೀದಿ ಬೀದಿ ಸುತ್ತುತ್ತಿದ್ದರು. ಅಂದು ಹೇಗೋ ಇಂದೂ ಹಾಗೆ! ನಮ್ಮ ತರುಣರಿಗೆ ಮುಖ್ಯವಾದುದು ‘ಸ್ತುದೇರೆ’ ಎಂಬುದು. ಒಂದರ ಮೇಲೆ ಮನಸ್ಸಿಟ್ಟು, ಉತ್ಸಾಹದಿಂದ ಅದರ ಬೆನ್ನು ಹತ್ತುವುದೆಂದು ಅರ್ಥ. ‘ಸ್ಟೂಡೆಂಟ್’ ಎಂಬ ಶಬ್ದ ಅದರಿಂದ ಹುಟ್ಟಿತು. ಹನ್ನೆರಡು ಗಂಟೆ ದುಡಿದು ಪುಸ್ತಕ ಬಿಡಿಸುವ ಹುಡುಗನಿಗೆ ಆ ಹೆಸರು ಸಲ್ಲುವಷ್ಟು ಬೇರೆ ಯಾರಿಗೂ ಸಲ್ಲದು.

ಇಂಗ್ಲಿಷಿನ ಸ್ವಂತ ಬಳಗದ ಶಬ್ದಗಳೂ ಇದನ್ನೇ ಹೇಳುತ್ತವೆ. ‘ವಾಂಟ್’ ಎಂದರೆ ಈಗ ‘ಬೇಕು’. ಸುಮಾರು 1200ರ ವೇಳೆಗೆ ಉತ್ತರದ ನಾರ್ಸ್ ಜನರ ಮಾತಿನಿಂದ ಅದು ಬಂದಾಗ ಅದರ ಅರ್ಥ ‘ಕೊರತೆಯಾಗು’ ಎಂದಷ್ಟೆ ಇತ್ತು. ‘ಬೇಕು’ ಎಂಬ ಅರ್ಥ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. ಹಂಬಲಿಸು ಎಂಬರ್ಥದ ‘ಲಾಂಗ್’ ಶಬ್ದವೂ ‘ಉದ್ದ’ ಎಂಬ ‘ಲಾಂಗ್’ ಶಬ್ದವೂ ಒಂದೇ ಬೇರಿನವು. ಕಾದು ಕುಳಿತವನಿಗೆ ಹೊತ್ತು ಉದ್ದವಾಗುತ್ತದೆ!

ಕೊರತೆಯನ್ನು ಕಾಣುವುದು ಸೋಮಾರಿಯ ಅಳುವಲ್ಲ ಎಂಬುದಕ್ಕೆ ಕೊನೆಯದಾಗಿ ಒಂದು ನಿದರ್ಶನ. 1623ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಎಂಬ ತತ್ತ್ವಜ್ಞಾನಿ ಮನುಷ್ಯನ ವಿದ್ಯೆಗಳ ಮೇಲೆ ಲ್ಯಾಟಿನಿನಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅದರ ಕೊನೆಯಲ್ಲಿ, ಇನ್ನೂ ಯಾರೂ ಬೆಳೆಸದ ವಿದ್ಯೆಗಳ ಪಟ್ಟಿಯನ್ನು ಕೊಟ್ಟು, ಅದಕ್ಕೆ ‘ದೇಸೀದೆರಾತ’ ಎಂದು ಹೆಸರಿಟ್ಟನು. ಅದೇ ಶತಮಾನದ 1660ರ ದಶಕದಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಅದೇ ಬಗೆಯಲ್ಲಿ 24 ಬಯಕೆಗಳ ಪಟ್ಟಿಯನ್ನು ಕೈಯಿಂದ ಬರೆದಿಟ್ಟನು: ಮನುಷ್ಯ ಹಾರಬೇಕು, ಆಯುಸ್ಸು ಹೆಚ್ಚಬೇಕು, ಆರದ ಬೆಳಕು ಬೇಕು, ಕಡಲಿನಲ್ಲಿ ಹಡಗು ತಾನಿರುವ ರೇಖಾಂಶವನ್ನು ತಿಳಿಯುವ ಉಪಾಯ ಬೇಕು. ಕೇಳಿದವರು ಅಂದು ನಕ್ಕಿರಬಹುದು. ಅವುಗಳಲ್ಲಿ ಎಷ್ಟೋ ಇಂದು ಕೈಗೂಡಿವೆ. ಉಗ್ರಾಣದವನ ಚೀಟಿಗೂ ಈ ಪಟ್ಟಿಗಳಿಗೂ ಗಾತ್ರದಲ್ಲಿ ವ್ಯತ್ಯಾಸವಿರಬಹುದು, ಜಾತಿಯಲ್ಲಿ ವ್ಯತ್ಯಾಸವಿಲ್ಲ. ಏನಿಲ್ಲವೆಂದು ಬರೆದಿಟ್ಟವನೇ ನಾಳೆ ಅದನ್ನು ತರಲು ಹೊರಡುತ್ತಾನೆ.

ಯುರೋಪಿನವರು ಈ ಶಬ್ದವನ್ನು ಮಕ್ಕಳಿಗೂ ಇಟ್ಟರು. ಮಹಾವಿದ್ವಾಂಸ ಎರಾಸ್ಮಸನೂ ದೆಸಿದೇರಿಯುಸ್ ಎರಾಸ್ಮಸ್ ಎಂಬ ಹೆಸರನ್ನು ಧರಿಸಿದ್ದನು. ಹಂಬಲಿಸಿ ಪಡೆದವನು ಎಂದು ಅರ್ಥ. ನಮ್ಮಲ್ಲಿ ಹರಕೆ ಹೊತ್ತು ಪಡೆದ ಮಗುವಿಗೆ ದೇವರ ಹೆಸರಿಡುವ ಹಾಗೆ.

ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಮಾತು ಯಾವುದು? ‘ಆಸೆ’ ತೀರ ಅಗಲವಾಯಿತು. ‘ಬಯಕೆ’ ಎಂದರೆ ಬಸುರಿ ಹೆಂಗಸಿನ ಹುಳಿ ಮಾವಿನಕಾಯಿ ಕಣ್ಣ ಮುಂದೆ ಬರುತ್ತದೆ. ನನಗೆ ತೋರುವಂತೆ ‘ಹಂಬಲ’ವೇ ತಕ್ಕ ಮಾತು. ಹಂಬಲದಲ್ಲಿ ನೆನಪೂ ಇದೆ, ಬೇಕೆಂಬುದೂ ಇದೆ. ಹಣವನ್ನು ಆಸೆಪಡಬಹುದು; ತಾಯಿಯನ್ನು ಹಂಬಲಿಸುತ್ತೇವೆ. ಆದುದರಿಂದ ನಮ್ಮ ಇಂಗ್ಲಿಷ್ ಕಲಿಯುವ ತರುಣರು ತಮ್ಮ ಪುಸ್ತಕದಲ್ಲಿ ‘ಡಿಸೈರ್’ ಎಂಬ ಶಬ್ದದ ಮುಂದೆ, ‘ಆಸೆ’ ಎಂಬುದರ ಪಕ್ಕದಲ್ಲಿ, ‘ಹಂಬಲ’ ಎಂದೂ ಬರೆದುಕೊಳ್ಳಲಿ ಎಂದು ನನ್ನ ಸೂಚನೆ.

ಇನ್ನೊಂದು ಸೂಚನೆಯೂ ಇದೆ. ಯಾರಾದರೂ ‘ನಿನಗೆ ಆಸೆ ಹೆಚ್ಚಾಯಿತು’ ಎಂದರೆ ತಲೆ ತಗ್ಗಿಸುವ ಮೊದಲು ಒಂದು ಗಳಿಗೆ ನಿಂತು ಯೋಚಿಸಿರಿ. ನನ್ನದಲ್ಲದ್ದನ್ನು ಕೇಳುತ್ತಿದ್ದೇನೆಯೆ, ಅಥವಾ ನನಗೆ ಇರಬೇಕಾದದ್ದು ಇಲ್ಲವೆಂದು ಹೇಳುತ್ತಿದ್ದೇನೆಯೆ? ಮೊದಲನೆಯದಾದರೆ ಬಿಡೋಣ. ಎರಡನೆಯದಾದರೆ ಅದಕ್ಕೆ ನಾಚಬೇಕಾದ ಕಾರಣವಿಲ್ಲ. ಮನೆಗೆ ಕಾಗದ ಬರೆಯುವುದಿದ್ದರೆ ಇಂದೇ ಬರೆಯಿರಿ. ರಜೆ ಕೇಳುವುದಿದ್ದರೆ ನಾಳೆಯೇ ಕೇಳಿರಿ.